ಏಳನೇ ತಿಂಗಳ ತಾಯಿ

ನಾಲ್ಕು ತಿಂಗಳ ಹಿಂದೆಯೇ ಭೀಮಸೇನ ಹೆಂಡತಿಗೆ ಮಾತು ಕೊಟ್ಟಿದ್ದ: "ನೀ ತವರಿಗೆ ಹೊರಡೂದ್ರೊಳಗ ಆ ಆ್ಯಪ್‌ನ್ಯಾಗ ನಿನ್ನ ಬಣ್ಣದ ತಾಯಿ ಬಂದಿರ್ತಾಳ."

"ಬರಲಿಲ್ಲಂದ್ರ ಕೂಸಿನ ಹೆಸರು ನಾ ಒಬ್ಬಾಕೀನ ಇಡ್ತೀನಿ," ಎಂದಿದ್ದಳು ವರ್ಷಿಣಿ.

ಬಸುರಿಯರಿಗೆಂದೇ ಇದ್ದ ಆ ಆ್ಯಪ್ ದಿನಾ ಬೆಳಿಗ್ಗೆ, ನಿಮ್ಮ ಕೆನ್ನೆ ಗುಲಾಬಿ ಬಣ್ಣಕ್ಕಿದೆಯೇ ಎಂದು ಕೇಳುತ್ತಿತ್ತು. ಧಾರವಾಡದ ಎಣ್ಣೆಗಪ್ಪಿನ ವರ್ಷಿಣಿ ಕನ್ನಡಿ ನೋಡಿ, ಸುಳ್ಳು ಹೇಳಲಾರದೆ 'ಇಲ್ಲ' ಒತ್ತುತ್ತಿದ್ದಳು. ರಕ್ತ ಕಡಿಮೆ, ಕೂಡಲೇ ವೈದ್ಯರನ್ನು ಕಾಣಿ ಎಂದು ಫೋನು ಬಡಕೊಳ್ಳುತ್ತಿತ್ತು. ನಾಲ್ಕನೇ ಸಲ ಹೋದಾಗ ವಡೋದರೆಯ ಡಾಕ್ಟರಮ್ಮ ಕಣ್ಣಿನ ರೆಪ್ಪೆ ಮಗುಚಿ ನೋಡಿ, ರಕ್ತ ಭೇಷಾಗಿದೆ, ಫೋನಿಗೆ ಔಷಧಿ ಕೊಡಿಸಿ ಎಂದುಬಿಟ್ಟರು. ಆ್ಯಪ್‌ನ ಚಿತ್ರಗಳಲ್ಲಿದ್ದ ತಾಯಂದಿರೆಲ್ಲ ಸಿಪ್ಪೆ ಸುಲಿದ ಮೂಲಂಗಿಯಂತಿದ್ದರು.

ವಿಮಾ ಕಚೇರಿಯ ಕೆಲಸದ ನಡುವೆಯೇ ಭೀಮಸೇನ ಕಂಪನಿಗೆ ಹನ್ನೊಂದು ಪತ್ರ ಬರೆದ. ಕೊನೆಗೂ ಸೀಮಂತದ ದಿನ, ತವರಿನ ರೈಲಿಗೆ ಮೂರು ತಾಸು ಇದೆ ಎನ್ನುವಾಗ, ಕಂಪನಿಯ ಅರ್ಚಿತಾ ಕ್ಯಾಮೆರಾ ಹೊತ್ತು ಬಂದಳು. ವಡೋದರೆಯಲ್ಲೇ ಬೆಳೆದ ಕನ್ನಡದ ಹುಡುಗಿ.

"ಆಂಟಿ ರೆಡಿ ಆಗೋವರೆಗೂ ನೀವು ಕೂತ್ಕೊಳ್ಳಿ ಅಂಕಲ್, ಲೈಟ್ ಚೆಕ್ ಮಾಡ್ತೀನಿ. ಕೈ ಹೊಟ್ಟೆ ಮೇಲೆ ಇಡಿ. ಹಾಂ, ಪರ್ಫೆಕ್ಟ್," ಎಂದು ಅರ್ಚಿತಾ ಒಂದು ಫೋಟೋ ಹೊಡೆದಳು.

ದಪ್ಪ ಮೀಸೆಯ ಭೀಮಸೇನನ ಮೈಬಣ್ಣವೂ ಹೆಂಡತಿಯದೇ. ಹೊಟ್ಟೆ ಮಾತ್ರ ಗುಜರಾತಿಗೆ ಬಂದ ಮೇಲೆ ಎರಡು ವರ್ಷ ತಿಂದ ಫಾಫ್ಡಾ-ಜಲೇಬಿಯದು. ಕೈಗೆ ಜಾಗ ಧಾರಾಳವಾಗಿತ್ತು.

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಪಕ್ಕದ ಮನೆ ಕೋಕಿಲಾಬೆನ್ನರ ಕೈಚಳಕದಲ್ಲಿ ವರ್ಷಿಣಿ ದೀಪಾವಳಿಗೆ ಸುಣ್ಣ ಬಳಿದ ಗೋಡೆಯಂತೆ ನಿಂತಿದ್ದಳು.

"ಇದೇನಿದು? ಮುಖ ತೊಳಕೊಂಡು ಬಾ," ಎಂದ ಭೀಮಸೇನ.

"ಊರ ಮಂದೆಲ್ಲ ನೋಡೂ ಫೋಟೋರಿ. ಹಂಗ ಬರಲೇನು?"

"ಹಂಗ ಬರ್ಲಿ ಅಂತನ ಹನ್ನೊಂದು ಪತ್ರ ಬರದೀನಿ ಮಾರಾಯ್ತಿ."

"ನನ್ನ ಮಗಳು ಕಪ್ಪಂತ ಈಗ ಕಂಡ್ತೇನು ನಿಮಗ?" ಎಂದರು ಮಗಳನ್ನು ಕರೆದೊಯ್ಯಲು ಬಂದಿದ್ದ ಅತ್ತೆ ಪದ್ಮಾವತಿ.

"ಭೀಮ್‌ಭಾಯ್, ಫೋಟೋ ಮೇ ತೋ ಥೋಡಾ ಗೋರಾ ಚಾಹಿಯೇ," ಎಂದು ಕೋಕಿಲಾಬೆನ್, ಫೋಟೋದಲ್ಲಿ ಇನ್ನಷ್ಟು ಬೆಳ್ಳಗೆ ಕಾಣಲೆಂದು, ಇನ್ನೊಂದು ಪದರ ಪೌಡರ್ ಹಚ್ಚಿದರು.

ಫೋಟೋ ತೆಗೆದ ಅರ್ಚಿತಾ ಭೀಮಸೇನನನ್ನು ಬಾಲ್ಕನಿಗೆ ಕರೆದಳು. "ಈ ಕಲರ್ ನಮ್ಮ ಹತ್ರ ಆಲ್ರೆಡಿ ಹದಿನಾಲ್ಕು ಇದೆ ಅಂಕಲ್. ಟೆನ್ಶನ್ ಬೇಡ, ನಾನು ಏನಾದ್ರೂ ಮಾಡಿ ಡ್ರಾಯಿಂಗ್ ಮಾಡಿಸ್ತೀನಿ. ಆರು ಗಂಟೆಗೆ ಅಪ್‌ಡೇಟ್ ನೋಡಿ."

ಆರಕ್ಕೆ ರೈಲಿನ ಕಿಟಕಿ ಪಕ್ಕ ಕೂತು ವರ್ಷಿಣಿ ಫೋನು ತೆರೆದಳು. ಏಳನೇ ತಿಂಗಳ ಪುಟದಲ್ಲಿ ಎಣ್ಣೆಗಪ್ಪಿನ ತಾಯಿ: ಹಸಿರು ಸೀರೆ, ಮುಡಿ ತುಂಬ ಮಲ್ಲಿಗೆ, ಹೊಟ್ಟೆಯ ಮೇಲೆ ಕೈ. ವರ್ಷಿಣಿಯ ಕಣ್ಣು ತುಂಬಿ ಬಂತು.

"ಬಂದಾಳ್ರೀ," ಎಂದು ಪ್ಲಾಟ್‌ಫಾರ್ಮಿನಲ್ಲಿದ್ದ ಗಂಡನಿಗೆ ಹೇಳಿದಳು. "ಆದ್ರ ಈಕೀನ್ನ ಎಲ್ಲೋ ನೋಡೀನಲ್ಲ?"

ಪದ್ಮಾವತಿ ಕನ್ನಡಕ ಏರಿಸಿ ಫೋನು ನೋಡಿದರು. ಕಿಟಕಿಯಾಚೆ ನೋಡಿದರು. ಮತ್ತೆ ಫೋನು ನೋಡಿದರು.

"ಅಳಿಯಂದ್ರ, ಮೀಸಿ ಯಾವಾಗ ತಗಸಿದ್ರಿ?"

ವರ್ಷಿಣಿ ಒಮ್ಮೆ ಅವನ ಮೀಸೆ ನೋಡಿದಳು, ಒಮ್ಮೆ ಹೊಟ್ಟೆ ನೋಡಿದಳು. "ಕೂಸಿನ ಹೆಸರು ನಾನ ಇಡ್ತೀನಿ," ಎಂದು ಕಿಟಕಿ ಎಳೆದುಕೊಂಡಳು. ರೈಲು ಹೊರಟಿತು.

ಅವಳು ತವರಿಗೆ ಹೊರಡುವುದರೊಳಗೆ ಆ್ಯಪ್‌ನಲ್ಲಿ ಅವಳ ಬಣ್ಣದ ತಾಯಿ ಬಂದಿದ್ದಳು. ಭೀಮಸೇನ ಮಾತು ಉಳಿಸಿಕೊಂಡಿದ್ದ.