ಕ್ಲೀನ್ ರೂಮಿನ ವ್ಯಾಕ್ಯೂಮ್ ಕ್ಲೀನರನ್ನು ಮನೆಗೊಯ್ದ ವ್ಯವಸ್ಥಾಪಕರಿಗೆ

ಮಹಾಮಹಿಮ ವ್ಯವಸ್ಥಾಪಕರ ಸಮ್ಮುಖಕ್ಕೆ, ಪುತ್ತೂರಿನ ತಮ್ಮ ಕಾರ್ಖಾನೆಯಲ್ಲಿ ಆರು ವರ್ಷಗಳಿಂದ ನೆಲ ಒರೆಸುತ್ತಿರುವ ಆಲಂಕಾರಿನ ಲೋಲಾಕ್ಷಿಯ ಸಾಷ್ಟಾಂಗ ಪ್ರಣಾಮಗಳು.

ಮಾನ್ಯರೇ,

ಉಪಗ್ರಹದ ಕ್ಯಾಮೆರಾ ಜೋಡಿಸುವ ಕೋಣೆಗೆ ದೂಳೆಂಬುದೇ ಹೋಗಬಾರದೆಂದು ನನಗೆ ಕಲಿಸಿದವರು ತಾವೇ. ತಮ್ಮ ಅಪ್ಪಣೆಯಂತೆ ನಾನು ಮುಖಕ್ಕೆ ಪೌಡರ್ ಹಾಕಲಿಲ್ಲ, ಮಲ್ಲಿಗೆ ಮುಡಿಯಲಿಲ್ಲ, ತಂಗಿಯ ಮದುವೆಯಲ್ಲೂ ಮದರಂಗಿ ಇಟ್ಟುಕೊಳ್ಳಲಿಲ್ಲ. ಕಳೆದ ವರ್ಷ ಹೊಸ ವ್ಯಾಕ್ಯೂಮ್ ಕ್ಲೀನರ್ ಬಂದಾಗ, ಸಾಧಾರಣ ಯಂತ್ರ ಮುಂದಿನಿಂದ ಎಳೆದ ನಯವಾದ ದೂಳನ್ನು ಹಿಂದಿನಿಂದ ಉಗುಳುತ್ತದೆ, ಇದರ ಫಿಲ್ಟರ್ ಅದನ್ನೂ ಹಿಡಿದಿಡುತ್ತದೆ, ಆದ್ದರಿಂದ ಇದು ಈ ಕೋಣೆಯ ಹೊಸ್ತಿಲು ದಾಟಿ ಹೊರಗೆ ಹೋಗಲೇಕೂಡದು ಎಂದು ತಾವು ಒಂದು ಗಂಟೆ ಮಾಡಿದ ಉಪನ್ಯಾಸವನ್ನು ನಾನು ನಿಂತೇ ಕೇಳಿದ್ದೇನೆ.

ಕಳೆದ ತಿಂಗಳ ಆ ಸೋಮವಾರ, ದಿನವೂ ಕೋಣೆಯ ದೂಳು ಅಳೆಯುವ ರಮ್ಲತ್, ಅದು ಮಿತಿಗಿಂತ ಹತ್ತು ಪಟ್ಟು ಏರಿದೆ ಎಂದಾಗ, ಅಪರಾಧಿಯನ್ನು ಹುಡುಕಲು ತಮಗೆ ಒಂದು ನಿಮಿಷವೂ ಬೇಕಾಗಲಿಲ್ಲ. “ಮನೆಯ ಕಸ ಎಲ್ಲ ಹೊತ್ಕೊಂಡು ಬರುದಾ ನೀನು?” ಎಂದು ಎಲ್ಲರೆದುರು ಕೇಳಿ, ನಾಳೆಯಿಂದ ಬರುವುದು ಬೇಡವೆಂದ ತಮ್ಮ ಶೀಘ್ರ ನ್ಯಾಯದಾನವನ್ನು ಯಾವ ನ್ಯಾಯಾಲಯವಾದರೂ ನೋಡಿ ಕಲಿಯಬೇಕು. ಆಲಂಕಾರಿನವರೆಗೂ ಬಸ್ಸಿನಲ್ಲಿ ನಾನು ನನ್ನ ಉಗುರುಗಳನ್ನೇ ನೋಡುತ್ತ ಕುಳಿತಿದ್ದೆ. ನನ್ನಿಂದಲೇ ಆಯಿತೋ ಏನೋ ಎಂದು ನನಗೇ ಸಂಶಯ ಬಂದಿತ್ತು.

ಆದರೆ ನಾನಿಲ್ಲದ ನಾಲ್ಕು ದಿನವೂ ದೂಳು ಇಳಿಯಲಿಲ್ಲ, ಆ ಯಂತ್ರ ಹಾಕಿದಾಗಲೆಲ್ಲ ಇನ್ನಷ್ಟು ಏರಿತು. ಐದನೆಯ ದಿನ ರಮ್ಲತ್ ಅದನ್ನು ಬಿಚ್ಚಿ ನನಗೆ ಫೋನ್ ಮಾಡಿದಳು. “ಲೋಲಕ್ಕಾ, ಫಿಲ್ಟರ್ ಹರಿದಿದೆ. ಒಳಗೆ ಬಿಳಿ ನಾಯಿಯ ರೋಮ ಉಂಟು, ನೆಲಗಡಲೆ ಸಿಪ್ಪೆ ಉಂಟು. ನಿಮ್ಮಲ್ಲಿ ನಾಯಿ ಉಂಟಾ ಮಾರಾಯ್ರೆ?”

ನಮ್ಮಲ್ಲಿರುವುದು ಕೋಳಿಗಳು. ಕಾವಲುಗಾರ ಪೋಕರ್ ಬ್ಯಾರಿಯವರು ರಮ್ಲತ್‌ಗೆ ಗೇಟಿನ ಪುಸ್ತಕ ತೆರೆದು ತೋರಿಸಿದರು: ಯಂತ್ರ ಶನಿವಾರ ಸಂಜೆ ತಮ್ಮ ಕಾರಿನಲ್ಲಿ ‘ರಿಪೇರಿಗೆ’ ಹೊರಟು, ಸೋಮವಾರ ಬೆಳಿಗ್ಗೆ ತಮ್ಮ ಕಾರಿನಲ್ಲೇ ಮರಳಿದೆ. ಆ ಕಾರಿನ ಹಿಂದಿನ ಸೀಟಿನಲ್ಲಿ ಪ್ರತಿದಿನ ವಿಹರಿಸುವ ಶ್ವೇತವರ್ಣದ ಶ್ವಾನರತ್ನವನ್ನು ಪುತ್ತೂರಿನಲ್ಲಿ ಅರಿಯದವರಿಲ್ಲ.

ಮರುದಿನ ತಾವು ನನ್ನನ್ನು ಕರೆಸಿದಿರಿ. ಕ್ಷಮೆ ಕೇಳುವಿರೇನೋ ಎಂದು ಬಂದ ನನ್ನ ಮುಂದೆ ‘ಕಾರಣ: ಸ್ವಚ್ಛತಾ ಸಿಬ್ಬಂದಿಯ ಅಜಾಗರೂಕತೆ’ ಎಂಬ ವರದಿ ಚಾಚಿ, “ಒಂದು ಸಹಿ ಹಾಕು, ನಾಳೆಯಿಂದ ಕೆಲಸಕ್ಕೆ ಬಾ, ಅದರಲ್ಲಿ ಎಂತ ಹೋಗುದು?” ಎಂದಿರಿ. ಹೋಗುವುದು ನನ್ನ ಹೆಸರು. ನಾನು ಪೆನ್ನು ಮುಟ್ಟದೆ ಮನೆಗೆ ಹೊರಟೆ.

ಆದ್ದರಿಂದ ತಮ್ಮಲ್ಲಿ ವಿನಮ್ರ ಬೇಡಿಕೆಗಳು. ತಮ್ಮ ನಾಯಿಯ ರೋಮಕ್ಕೆ ನಾನೇ ಹೊಣೆಯಾದಲ್ಲಿ, ಅದಕ್ಕೂ ನಾವು ಆ ಕೋಣೆಯಲ್ಲಿ ತೊಡುವಂಥ ಬಿಳಿ ಅಂಗಿ, ಟೊಪ್ಪಿ, ನಾಲ್ಕು ಕಾಲಿಗೂ ಕಾಲುಚೀಲ ಕೊಡಿಸಿ ದೂಳಿನ ಬಗ್ಗೆ ಒಂದು ಗಂಟೆ ಉಪನ್ಯಾಸ ಮಾಡುವ ಕೃಪೆಯಾಗಲಿ. ಅದು ಕುಳಿತು ಕೇಳಿದರೂ ನನ್ನ ಆಕ್ಷೇಪವಿಲ್ಲ. ಅಷ್ಟು ಪುರಸೊತ್ತಿಲ್ಲದಿದ್ದರೆ ವರದಿಯ ಆ ಒಂದು ಸಾಲನ್ನು ಹೊಡೆದುಹಾಕಿ, ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂದೆ ತೆಗೆದುಕೊಳ್ಳಿ.

ಈ ಪತ್ರಕ್ಕೆ ಮಾತ್ರ ಸಹಿ ಹಾಕಿರುವ,
ತಮ್ಮ ವಿಶ್ವಾಸಿ,
ಲೋಲಾಕ್ಷಿ

ತಾ.ಕ.: ಕ್ಯಾಮೆರಾ ಕೊಳ್ಳುವ ಕಂಪೆನಿಯ ತಪಾಸಣಾಧಿಕಾರಿಗಳು ನಿನ್ನೆ ನನಗೆ ಫೋನ್ ಮಾಡಿ, ತಾವು ಕಳಿಸಿದ ವರದಿಯಲ್ಲಿ ನನ್ನ ಸಹಿಯ ಜಾಗ ಯಾಕೆ ಖಾಲಿ ಎಂದು ವಿಚಾರಿಸಿದರು. ಹೇಳಿದೆ. ಬುಧವಾರ ಬರುತ್ತಾರಂತೆ. ಕೋಣೆಯನ್ನು ನಾನೇ ತೋರಿಸಬೇಕಂತೆ, ತಾವು ಹೊರಗೆ ಕಾದರೆ ಸಾಕಂತೆ.