ಎಲ್ಡನ್ ತಾನೇ ಆರಿಸಿದ ಕಾರ್ಬೈನ್

ಎಲ್ಡನ್ ರಟ್ಲಿಫ್ ಮಾಡಿದ ತಪ್ಪು ಒಂದೇ. ಶನಿವಾರ ಕಾರ್ಬೈನ್ ಎಂಬ ಗಿಡ್ಡ ಬಂದೂಕು ಕೊಳ್ಳುತ್ತೇನೆ ಎಂಬುದನ್ನು ಶುಕ್ರವಾರವೇ ಮೇವಿನ ಗಿರಣಿಯಲ್ಲಿ ನಾಲ್ಕು ಜನರ ಎದುರು ಬಾಯಿಬಿಟ್ಟ. ಅಮೆರಿಕದ ಪಶ್ಚಿಮ ವರ್ಜೀನಿಯಾದ ಬೆಟ್ಟಗಳ ನಡುವಿನ ಬಕ್‌ಹಾರ್ನ್ ಕ್ರೀಕ್ ಎಂಬ ಊರಿನಲ್ಲಿ ಒಬ್ಬ ಮದುವೆಯಾಗುತ್ತೇನೆಂದರೆ ಜನ ಒಳ್ಳೆಯದಾಗಲಿ ಎಂದು ಸುಮ್ಮನಾಗುತ್ತಾರೆ. ಬಂದೂಕು ಕೊಳ್ಳುತ್ತೇನೆಂದರೆ ಸುಮ್ಮನಾಗುವವರಲ್ಲ.

ಐವತ್ತೆರಡು ವರ್ಷದ ಎಲ್ಡನ್ ಬದುಕಿನಲ್ಲಿ ಏನನ್ನೂ ತಾನಾಗಿ ಆರಿಸಿದವನಲ್ಲ. ಅವನ ಪಿಕಪ್ ಗಾಡಿಯನ್ನು ಆರಿಸಿದ್ದು ಹೆಂಡತಿ ನೇಡಿನಳ ಅಣ್ಣ ಬರ್ಲ್. ಮನೆಯ ಸೂರಿನ ತಗಡಿಗೆ ಬಣ್ಣ ಆರಿಸಿದವನೂ ಅವನೇ. ನಾಯಿಯನ್ನೂ ಬರ್ಲನೇ ನೋಡಿ ತಂದುಕೊಟ್ಟಿದ್ದ. ಅದು ಇಂದಿಗೂ ಬರ್ಲ್ ಕರೆದರೆ ಮಾತ್ರ ಬರುತ್ತಿತ್ತು. ಆದರೆ ಈ ಕಾರ್ಬೈನಿನ ವಿಷಯವನ್ನು ಎಲ್ಡನ್ ಚಳಿಗಾಲವಿಡೀ ಒಲೆಯ ಮುಂದೆ ಕೂತು ಒಬ್ಬನೇ ಯೋಚಿಸಿದ್ದ. ಅಪ್ಪ ಬಿಟ್ಟುಹೋದ ಮುನ್ನೂರೈವತ್ತೇಳರ ಅಳತೆಯ ತೋಟಾದ ರಿವಾಲ್ವರ್ ಅವನಲ್ಲಿತ್ತು. ಅದೇ ತೋಟಾ ನುಂಗುವ, ಲಿವರ್ ಎಳೆದು ಹೊಡೆಯುವ, ಮರದ ಹಿಡಿಯ ಗಿಡ್ಡ ಕಾರ್ಬೈನ್ ತರಬೇಕು. ಒಂದೇ ಡಬ್ಬಿಯ ತೋಟಾ ಸೊಂಟಕ್ಕೂ ಆಯಿತು, ಹೆಗಲಿಗೂ ಆಯಿತು.

ಆ ಶನಿವಾರ ಮಧ್ಯಾಹ್ನ ಎರಡಕ್ಕೆ ಊರ ಕ್ಲಬ್ಬಿನಲ್ಲಿ ಉಕ್ಕಿನ ತಟ್ಟೆಗಳಿಗೆ ಗಡಿಯಾರದ ಲೆಕ್ಕದಲ್ಲಿ ಗುಂಡು ಹೊಡೆಯುವ ಪಂದ್ಯ. ಗೆಲ್ಲುವ ಆಸೆ ಎಲ್ಡನ್‌ಗಿರಲಿಲ್ಲ. ತಾನು ಆರಿಸಿದ್ದನ್ನು ತಾನು ಹಿಡಿದು ಊರ ಮುಂದೆ ಗುಂಡು ಹೊಡೆಯುವ ಗೆರೆಯ ಮೇಲೆ ನಿಲ್ಲಬೇಕು, ಯಾರು ಆರಿಸಿದ್ದು ಎಂದು ಯಾರಾದರೂ ಕೇಳಿದರೆ ‘ನಾನು’ ಎನ್ನಬೇಕು. ಅಷ್ಟೇ.

ಓಪಲಕ್ಕನ ಅಂಗಡಿಯಲ್ಲಿ ಮುಂದೆ ಮೊಳೆ, ಬೇಲಿ ತಂತಿ, ಹಿಂದೆ ಬಂದೂಕು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರ್ಲ್ ಆಗಲೇ ಬಂದು ಗಾಜಿನ ಮೇಜಿಗೆ ಒರಗಿ ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿ ಕಲ್ಲಿದ್ದಲು ಗಣಿಯಿಂದ ನಿವೃತ್ತನಾದ ಹೋಬರ್ಟ್. ಅವನ ಪಕ್ಕದಲ್ಲಿ ರಾಯ್ಸ್ ಪಾದ್ರಿ. ಚರ್ಚಿನ ಬಾಗಿಲಿಗೆ ಬೀಗ ಕೊಳ್ಳಲು ಬಂದವರು ಬೀಗ ಕೊಂಡಾದ ಮೇಲೂ ನಿಂತಿದ್ದರು.

"ಒಂಬತ್ತು ಎಂ.ಎಂ. ತಗೋ" ಎಂದ ಬರ್ಲ್, ಗುಡ್ ಮಾರ್ನಿಂಗ್ ಹೇಳುವ ಬದಲು. "ಆ ಕಪ್ಪು ಪ್ಲಾಸ್ಟಿಕ್ಕಿನದು. ಮಡಚಿದ್ರೆ ಸೀಟಿನ ಹಿಂದೆ ಹೋಗುತ್ತೆ, ತೋಟಾನೂ ಅಗ್ಗ. ಈ ಕಾಲದಲ್ಲಿ ಕೂತು ಲಿವರ್ ಎಳೆಯೋಕೆ ನೀನೇನು ಹಸು ಕರೀತೀಯಾ?"

"ನಲವತ್ನಾಲ್ಕರ ದಪ್ಪ ಗುಂಡಿಂದು ತಗೋ ತಮ್ಮಾ" ಎಂದ ಹೋಬರ್ಟ್. "ನಾಳೆ ಕರಡಿ ಬಂದ್ರೆ?"

"ನಮ್ಮ ಕೋಳಿಗೂಡಿಗೆ ಬರೋದು ಕೋಳಿ ಕದಿಯೋ ರಕೂನು, ಹೋಬರ್ಟಣ್ಣ. ಕರಡಿ ಇವತ್ತಿನವರೆಗೂ ಬಂದಿಲ್ಲ" ಎಂದ ಎಲ್ಡನ್.

"ನಿನ್ನ ಹತ್ರ ಸಣ್ಣ ಬಂದೂಕಿದೆ ಅಂತ ಗೊತ್ತಾದ ದಿನ ಬರುತ್ತೆ."

ಪಾದ್ರಿ ಗಂಟಲು ಸರಿಮಾಡಿಕೊಂಡರು. "ನಾನು ಏನೂ ಹೇಳೋನಲ್ಲಪ್ಪ. ನಿನ್ನ ಬಂದೂಕು, ನಿನ್ನ ಇಷ್ಟ. ಆದ್ರೆ ನಲವತ್ತೈದು ಅಂತ ಒಂದಿದೆ. ಅದನ್ನ ಪ್ರಾರ್ಥನೆ ಮಾಡಿ ಯೋಚಿಸು."

ಎಲ್ಡನ್ ಗೋಡೆಗೆ ತೂಗಿದ್ದ ಮರದ ಹಿಡಿಯ ಕಾರ್ಬೈನಿನ ಕಡೆ ಬೆರಳು ಮಾಡಿದ. "ಓಪಲಕ್ಕ, ನಂಗೆ ಅದು."

ಓಪಲಕ್ಕ ಅದನ್ನಿಳಿಸಿ, ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿ, ಬಂದೂಕು ಕೊಳ್ಳುವವರು ತುಂಬಬೇಕಾದ ಸರ್ಕಾರದ ಹಾಳೆಯನ್ನು ಅವನ ಮುಂದಿಟ್ಟಳು. ಹೆಸರು, ವಿಳಾಸವೆಲ್ಲ ತುಂಬಿದ ಮೇಲೆ ಒಂದು ಪ್ರಶ್ನೆ: ಈ ಬಂದೂಕನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇ ಏನು? ಎಲ್ಡನ್ ಅದನ್ನು ಎರಡು ಸಲ ಓದಿದ. ಇಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಹೀಗೆ ಮರ್ಯಾದೆಯಿಂದ ಕೇಳಿರಲಿಲ್ಲ. ‘ಹೌದು’ ಎಂಬಲ್ಲಿ ಗುರುತು ಹಾಕುವಾಗ ಅವನ ಬೆನ್ನು ತಾನಾಗಿ ನೆಟ್ಟಗಾಯಿತು.

ಆಗ ಬರ್ಲನ ಕೈ ಹೆಗಲ ಮೇಲಿನಿಂದ ಬಂತು. "ಓಪಲಕ್ಕ, ಆ ಮರದ್ದನ್ನ ಒಳಗಿಡು. ಇವನಿಗೆ ಕಪ್ಪುದು ಕೊಡು. ದುಡ್ಡು ನಾನು ಹಾಕ್ತೀನಿ."

ಓಪಲಕ್ಕ ಕನ್ನಡಕದ ಮೇಲಿಂದ ನೋಡಿದಳು. ಹಾಳೆಯನ್ನು ಎತ್ತಿ ನಿಧಾನವಾಗಿ ಎರಡು ತುಂಡು ಮಾಡಿದಳು.

"ಸಹಿ ಒಬ್ಬಂದು, ದುಡ್ಡು ಇನ್ನೊಬ್ಬಂದು ಆದ್ರೆ, ಮಾರಿದ ತಪ್ಪಿಗೆ ನಾನು ಜೈಲಿಗೆ. ಎಲ್ಡನ್, ಬೇರೆ ಹಾಳೆ ತಗೋ. ಬರ್ಲ್, ನೀನು ಮೊಳೆ ಹತ್ರ ನಿಂತ್ಕೋ."

ಎರಡನೆಯ ಹಾಳೆ ಅರ್ಧಕ್ಕೆ ಬಂದಾಗ ಹೋಬರ್ಟ್ ಎದುರಿನಿಂದ ಬಗ್ಗಿದ. "ನಲವತ್ನಾಲ್ಕು ಅಂತ್ಲೇ ಬರೆಸಿಬಿಡು ತಮ್ಮಾ. ನಿಂಗೆ ಹಿಡಿಸದಿದ್ರೆ ನಿನ್ನಿಂದ ನಾನು ತಗೋತೀನಿ."

ಆ ಹಾಳೆಯನ್ನೂ ಓಪಲಕ್ಕ ಹರಿದಳು. ಮೂರನೆಯ ಹಾಳೆಯನ್ನು ಎಲ್ಡನ್ ಗೊಬ್ಬರದ ಚೀಲಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ನಕಲು ಹೊಡೆದು ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ಒಂಟಿಯಾಗಿ ತುಂಬಬೇಕಾಯಿತು. ಬಾಗಿಲ ಸಂದಿಯಿಂದ ಪಾದ್ರಿಯ ಧ್ವನಿ ಮಾತ್ರ ಒಳಗೆ ಬಂತು: "ನಲವತ್ತೈದು. ನೆನಪಿರಲಿ ಅಂತ ಅಷ್ಟೇ."

ಓಪಲಕ್ಕ ಸರ್ಕಾರದ ಕಚೇರಿಗೆ ಫೋನ್ ಮಾಡಿ, ಅಲ್ಲಿನವರು ಅವನ ಹೆಸರು ನೋಡಿ ಒಪ್ಪಿಗೆ ಕೊಡುವ ಹೊತ್ತಿಗೆ ಹನ್ನೊಂದೂವರೆ. ಎಲ್ಡನ್ ಕಾರ್ಬೈನನ್ನು ಕೈಗೆ ತೆಗೆದುಕೊಂಡ. ಚೊಚ್ಚಲ ಕೂಸನ್ನು ಎತ್ತಿಕೊಂಡ ಅಪ್ಪನ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿ ಎಲ್ಲರಿಗೂ ತೋರಿಸಿದ.

"ನೋಡೋಕೇನೋ ಚೆನ್ನಾಗಿದೆ" ಎಂದ ಬರ್ಲ್. "ಹೊಡೆಯುತ್ತೋ?"

ಈ ಮಾತಿಗೆ ಎಲ್ಡನ್ ಸುಮ್ಮನಿದ್ದು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮನೆಯಲ್ಲಿದ್ದ ಕೊನೆಯ ಡಬ್ಬಿ ತೋಟಾವನ್ನು ಜೇಬಿನಲ್ಲಿ ತಂದಿದ್ದ. ಅಂಗಡಿಯ ಹಿಂದೆ, ಗಿರಾಕಿಗಳು ಪರೀಕ್ಷಿಸಲೆಂದು ಓಪಲಕ್ಕ ಮಣ್ಣಿನ ದಿಬ್ಬ ಹಾಕಿಸಿದ್ದಳು. ನಾಲ್ವರೂ ಅಲ್ಲಿಗೆ ನಡೆದರು.

ಎಲ್ಡನ್ ಐದು ಗುಂಡು ಹೊಡೆದ. ಐವತ್ತು ಗಜ ದೂರದಲ್ಲಿದ್ದ ತಗಡು ಐದು ಸಲ ಟಣ್ ಎಂದಿತು. ಬಾಯಿಗೆ ಅಂಟು ಹಾಕಿಕೊಂಡವನಂತೆ ಬದುಕಿದ್ದ ಎಲ್ಡನ್‌ಗೆ ಅಂದು ಮಾತು ಬಂತು.

"ನೋಡು ಭಾವ, ಒಂದೇ ತೋಟಾ ಸೊಂಟಕ್ಕೂ ಆಯ್ತು, ಹೆಗಲಿಗೂ ಆಯ್ತು. ರಿವಾಲ್ವರಿನಲ್ಲಿ ಈ ತೋಟಾ ಕೈಯನ್ನ ಒದೆಯುತ್ತೆ. ಇದರಲ್ಲಿ ಹೆಗಲಿಗೆ ಒರಗಿ ಸುಮ್ಮನಾಗುತ್ತೆ. ನಳಿಗೆ ಉದ್ದ, ಅದಕ್ಕೆ ಗುಂಡಿಗೆ ವೇಗ ಜಾಸ್ತಿ. ಮೆತ್ತನೆ ಮೂವತ್ತೆಂಟರ ತೋಟಾನೂ ಇದಕ್ಕೆ ಆಗುತ್ತೆ, ನೇಡಿನ್ ಕೂಡ ಹೊಡೀಬಹುದು. ನೂರು ಗಜದ ಆಚೆ ನಮಗೇನು ಕೆಲಸ? ನಮ್ಮ ಕೊಟ್ಟಿಗೆಯಿಂದ ಬೇಲಿಗೆ ಎಂಬತ್ತು. ಅಳೆದಿದ್ದೀನಿ."

"ಕೊಡು ಇಲ್ಲಿ" ಎಂದ ಬರ್ಲ್, ತಪ್ಪು ಹುಡುಕುವವನ ಗತ್ತಿನಲ್ಲಿ. ಐದು ಹೊಡೆದ. ಹಿಂದಕ್ಕೆ ಕೊಡದೆ ಇನ್ನೈದು ತುಂಬಿದ. ಹೋಬರ್ಟ್ ಎಂಟು ಹೊಡೆದು, "ಕರಡಿಗೆ ಸಾಲದು" ಎಂದು ಮತ್ತೆ ಎಂಟು ಹೊಡೆದ. ಪಾದ್ರಿ ಟೋಪಿ ತೆಗೆದಿಟ್ಟು ಹೊಡೆದರು. ಕೊನೆಗೆ ಮರದ ಹಿಡಿಯನ್ನು ಸವರಿ, "ಹ್ಞೂ" ಎಂದರು. ಭಾನುವಾರದ ಉಪದೇಶದಲ್ಲೂ ಅವರು ಅಷ್ಟು ತೂಕದ ಮಾತಾಡಿದ್ದಿಲ್ಲ.

ಡಬ್ಬಿ ಖಾಲಿಯಾಗಿತ್ತು. ಎಲ್ಡನ್‌ಗೆ ಅದರ ಪರಿವೆಯಿರಲಿಲ್ಲ. ಮೂವರೂ ಬಾಯಿ ಮುಚ್ಚಿಕೊಂಡಿದ್ದರು; ಆ ಸುಖಕ್ಕೆ ಹತ್ತು ಡಬ್ಬಿ ಸುಡಬಹುದಿತ್ತು. ಪಂದ್ಯಕ್ಕೆ ಬರುವಾಗ ತೋಟಾ ಕೊಂಡರಾಯಿತೆಂದು ಅವನು ಊಟಕ್ಕೆ ಮನೆಗೆ ಹೋದ.

ನೇಡಿನ್ ಹುರುಳಿಕಾಯಿ ಬೀಜದ ಸಾರು, ಮೆಕ್ಕೆಜೋಳದ ರೊಟ್ಟಿ ಬಡಿಸಿದಳು. ಕಾರ್ಬೈನನ್ನು ನೋಡಿ, "ಅಣ್ಣ ಒಪ್ಪಿದ್ನಾ?" ಎಂದಳು.

"ಅವನು ಒಪ್ಪೋದೇನು? ನಾನು ಆರಿಸಿದ್ದು." ಎಲ್ಡನ್ ಎರಡನೇ ಸಲ ಸಾರು ಹಾಕಿಸಿಕೊಂಡ. "ಮೂರು ಜನಕ್ಕೆ ಪಾಠ ಹೇಳಿ ಬಂದಿದ್ದೀನಿ ಇವತ್ತು."

"ನೀನಾ?" ನೇಡಿನ್ ಸೌಟು ಹಿಡಿದುಕೊಂಡೇ ಅವನನ್ನು ನೋಡಿದಳು. ಮದುವೆಯಾದ ಹೊಸತರಲ್ಲಿ ಅವಳು ಹಾಗೆ ನೋಡಿದ್ದುಂಟು.

ಒಂದೂವರೆಗೆ ಅಂಗಡಿಗೆ ಬಂದರೆ ಮುನ್ನೂರೈವತ್ತೇಳರ ತೋಟಾ ಇಡುವ ಹಲಗೆ ಬೋಳಾಗಿತ್ತು. ಪಕ್ಕದ ಮೂವತ್ತೆಂಟರ ಹಲಗೆಯೂ ಬೋಳು.

"ಒಂದೂ ಇಲ್ಲ" ಎಂದಳು ಓಪಲಕ್ಕ. "ನೀನು ಆ ಕಡೆ ಹೋದೆ, ಈ ಕಡೆ ಮೂರು ಜನ ಮೂರು ಹಾಳೆ ತುಂಬಿದ್ರು. ನಿಂದರಂಥದ್ದೇ ಮೂರಿತ್ತು, ಮೂರೂ ಹೋಯ್ತು. ಫೋನೂ ಇವತ್ತು ಬೇಗ ಸಿಕ್ತು. ತೋಟಾನೆಲ್ಲ ಹಂಚ್ಕೊಂಡು ತಗೊಂಡು ಹೋದ್ರು. ಹೊಸ ಸರಕು ಗುರುವಾರ." ಅವಳು ಕೆಳಗಿನ ಹಲಗೆ ತೋರಿಸಿದಳು. "ಒಂಬತ್ತು ಎಂ.ಎಂ. ಬೇಕಾದಷ್ಟಿದೆ."

ಮುಂದಿನ ಊರು ನಲವತ್ತು ಮೈಲಿ, ಬೆಟ್ಟದ ದಾರಿ. ಎಲ್ಡನ್ ಕಾರ್ಬೈನನ್ನು ಪೆಟ್ಟಿಗೆಯಲ್ಲೇ ಗಾಡಿಯಲ್ಲಿ ಬೀಗ ಹಾಕಿಟ್ಟು ಬರಿಗೈಯಲ್ಲಿ ಕ್ಲಬ್ಬಿನ ಮೈದಾನಕ್ಕೆ ಹೋದ.

ಗೆರೆಯ ಹಿಂದೆ ಮೂರು ಹೊಸ ಕಾರ್ಬೈನುಗಳು ಸಾಲಾಗಿ ಒರಗಿದ್ದವು. ನೋಡಿದೊಡನೆ ಹೊಟ್ಟೆಯಲ್ಲಿ ಉರಿಯಬೇಕಾದ ಜಾಗದಲ್ಲಿ ಅವನಿಗೆ ಹೆಮ್ಮೆಯೇ ಉಕ್ಕಿತು. ಮೂರೂ ತನ್ನ ಮಾತಿನ ಫಲ.

ಬರ್ಲ್ ಅವನನ್ನು ಪಕ್ಕಕ್ಕೆ ಕರೆದ. "ತೋಟಾ ಸಿಗಲಿಲ್ಲ ಅಂತೆ. ನನ್ನ ಹತ್ರ ತಗೋ ಮಾರಾಯ. ಆದ್ರೆ ಎಡಗಾಲು ಮುಂದಿಡು, ಉಸಿರು ಹಿಡಿ, ಮೊದಲು ಬಲಗಡೆ ತಟ್ಟೆ. ನಾನು ಹಿಂದೆ ನಿಂತು ಹೇಳ್ತೀನಿ."

ಎಲ್ಡನ್ ಅವನು ಚಾಚಿದ ತೋಟಾ ಡಬ್ಬಿಯನ್ನು ಹಿಂದಕ್ಕೆ ಸರಿಸಿದ. "ಬೇಡ ಭಾವ" ಎಂದ. "ಇವತ್ತು ನಾನು ಗಡಿಯಾರ ಹಿಡೀತೀನಿ."

ಕ್ಲಬ್ಬಿನಲ್ಲಿ ಒಂದು ಕಟ್ಟಳೆ. ಹೊಡೆಯುವವನು ಗೆರೆಯ ಮೇಲಿರುವಷ್ಟು ಹೊತ್ತು ಗಡಿಯಾರ ಹಿಡಿದವನು ‘ಹೊಡೆ’, ‘ನಿಲ್ಲಿಸು’ ಎಂಬ ಅಪ್ಪಣೆ ಬಿಟ್ಟು ಬೇರೆ ಮಾತಿಗೆ ತುಟಿ ಬಿಚ್ಚಬಾರದು. ಬರ್ಲ್ ಹೊಡೆದ, ಇಷ್ಟು ವರ್ಷಗಳಲ್ಲೇ ಅತಿ ಕಡಿಮೆ ಹೊತ್ತಿನಲ್ಲಿ. ಎಲ್ಡನ್ ಬರೆದುಕೊಂಡ. ಪಾದ್ರಿ ಗೆರೆಗೆ ಬಂದು ಒಂದೊಂದೇ ತೋಟಾವನ್ನು ಪ್ರಸಾದದಂತೆ ತುಂಬತೊಡಗಿದರು.

ಆಗಲೇ ಶಾಲೆಗೆ ಆ ವರ್ಷ ಹೊಸದಾಗಿ ಬಂದಿದ್ದ ಟೀಚರಮ್ಮ ಹಿಂದಿನಿಂದ ಕೇಳಿದಳು. "ಎಲ್ರ ಹತ್ರಾನೂ ಒಂದೇ ಥರದ್ದು ಇದೆಯಲ್ಲ. ಎಷ್ಟು ಚೆನ್ನಾಗಿದೆ. ಮೊದಲು ಆರಿಸಿದ್ದು ಯಾರು?"

‘ನಾನು’ ಎಂಬ ಮಾತು ಎಲ್ಡನ್‌ನ ನಾಲಿಗೆ ತುದಿಗೆ ಬಂತು. ಪಾದ್ರಿ ಗೆರೆಯ ಮೇಲಿದ್ದರು. ಅವನು ಹಲ್ಲು ಕಚ್ಚಿ ಗಡಿಯಾರ ನೋಡಿದ.

"ಯೋಚನೆ ಮಾಡ್ಬೇಕಮ್ಮ" ಎಂದ ಬರ್ಲ್. "ಒಂದೇ ತೋಟಾ ಸೊಂಟಕ್ಕೂ ಆಗ್ಬೇಕು, ಹೆಗಲಿಗೂ ಆಗ್ಬೇಕು. ನೂರು ಗಜದ ಆಚೆ ನಮಗೇನು ಕೆಲಸ ಹೇಳಿ?"

ಟೀಚರಮ್ಮ ತಲೆದೂಗಿದಳು. ಪಾದ್ರಿ ಹೊಡೆದು ಮುಗಿಸಿ ಗೆರೆ ಬಿಟ್ಟು ಬಂದರು. ಎಲ್ಡನ್ ಬಾಯಿ ತೆರೆಯುವಷ್ಟರಲ್ಲಿ ಅವಳೇ ಅವನ ಕಡೆ ತಿರುಗಿ, ಬರಿಗೈಯನ್ನು ನೋಡಿ, ಮೃದುವಾಗಿ ಹೇಳಿದಳು:

"ನೀವೂ ಒಂದು ತಗೊಳ್ಳಿ ಸಾರ್. ಆರಿಸೋಕೆ ಕಷ್ಟ ಆದ್ರೆ ಈ ಬರ್ಲ್ ಅವರನ್ನ ಜೊತೇಲಿ ಕರ್ಕೊಂಡು ಹೋಗಿ. ಪಾಪ, ಒಳ್ಳೆಯವರು, ಹೇಳಿಕೊಡ್ತಾರೆ."