ಅತ್ತೆಯ ಬೆನ್ನೂ ನನ್ನ ಶಾಕ್ ಅಬ್ಸಾರ್ಬರೂ

ದೇವರು ಎರಡು ಕೈ ಕೊಟ್ಟಿರುವುದು ಅಂಗಡಿಯವನ ಮುಂದೆ ಕಟ್ಟಿಕೊಂಡು ನಿಲ್ಲುವುದಕ್ಕಲ್ಲ! ಹಿಮದ ಮೇಲೆ ಓಡುವ ನಮ್ಮ ಬಂಡಿ, ಸ್ನೋಮೊಬೈಲಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ನಾನೇ ಬಿಚ್ಚುತ್ತೇನೆ, ನಾನೇ ತೊಳೆಯುತ್ತೇನೆ, ನಾನೇ ಜೋಡಿಸುತ್ತೇನೆ. ಬೆಳಗಿನ ಕಾಫಿಯ ಹೊತ್ತಿಗೆ ಹೀಗೆಂದು ಘೋಷಿಸಿದಾಗ ನನ್ನ ಧ್ವನಿ ನನಗೇ ಬಹಳ ಹಿಡಿಸಿತು.

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ನನ್ನ ಹೆಂಡತಿ ಹಿಲ್ಕಾ ತಲೆಯನ್ನೂ ಎತ್ತಲಿಲ್ಲ.

"ಯಾಲ್ಮರಿ, ಹೋದ ವರ್ಷ ಕಾರ್ಬ್ಯುರೇಟರ್ ಬಿಚ್ಚಿದ್ದೆ, ನೆನಪಿದೆಯಾ?"

"ಅದು ಬೇರೆ ವಿಷಯ."

"ವಿಷಯ ಬೇರೆ ಅಲ್ಲ, ಕಾರ್ಬ್ಯುರೇಟರ್ ಬೇರೆ. ಕೊನೆಗೆ ಹೊಸದು ತಂದ್ವಲ್ಲ!"

ಕಿಟಕಿಯ ಬಳಿ ಕೂತಿದ್ದ ನನ್ನ ಅತ್ತೆ ಸೈಮಾ ಹೊರಗಿನ ಹಿಮದಿಂದ ಕಣ್ಣು ತೆಗೆಯದೆ ಅಂದರು, "ಮಾಡ್ಲಿ ಬಿಡೇ. ಮನೇಲಿ ಒಂದು ಬೆನ್ನು ಹಾಳಾಗಿದೆ. ಇನ್ನೊಂದು ಹಾಳಾದ್ರೆ ಜೊತೆ ಆಗುತ್ತೆ."

ಆ ಒಂದು ಬೆನ್ನಿಗಾಗಿಯೇ ಇಷ್ಟೆಲ್ಲ. ಅತ್ತೆ ಹುಟ್ಟಿದ್ದು ಇನಾರಿ ಸರೋವರದ ನಡುವಿನ ಒಂದು ದ್ವೀಪದಲ್ಲಿ. ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿ, ತಮ್ಮ ಅಪ್ಪ ಮೀನು ಹಿಡಿಯುತ್ತಿದ್ದ ಜಾಗದಲ್ಲೇ ಮಂಜುಗಡ್ಡೆಗೆ ತೂತು ಕೊರೆದು ಗಾಳ ಬಿಟ್ಟು ಕೂತರೇನೇ ಅವರಿಗೆ ವರ್ಷ ಶುರುವಾದ ಹಾಗೆ. ಬೆನ್ನಿನ ಆಪರೇಷನ್ ಆದ ಮೇಲೆ ಅದು ನಿಂತುಹೋಗಿತ್ತು. ಈ ಸಲ ಡಾಕ್ಟರ್ ಒಪ್ಪಿದ್ದರು, ಆದರೆ ಒಂದು ಷರತ್ತು: ಕುಲುಕಾಟ ಕೂಡದು! ನಮ್ಮ ಬಂಡಿಯೋ, ಒಂದು ಚಿಕ್ಕ ಉಬ್ಬು ಸಿಕ್ಕಿದರೂ ಸವಾರನ ಹಲ್ಲು ಎಣಿಸಿ ಕೊಡುತ್ತಿತ್ತು. ರಿಪೇರಿ ಅಂಗಡಿಯವನು ಜೂನ್ ತಿಂಗಳಿಗೆ ಬಾ ಅಂದ. ಜೂನ್ ತಿಂಗಳಿಗೆ ಸರೋವರದಲ್ಲಿ ದೋಣಿ ಬೇಕಾಗುತ್ತದೆ, ಸ್ನೋಮೊಬೈಲ್ ಅಲ್ಲ. ಅತ್ತೆ ಬಾಯಿಬಿಟ್ಟು ಏನೂ ಕೇಳಲಿಲ್ಲ. ದಿನವೆಲ್ಲ ಆ ಕಿಟಕಿಯಲ್ಲೇ ಕೂತಿರುತ್ತಿದ್ದರು.

ಕೆಲಸಕ್ಕೆ ಜಾಗ ಎಲ್ಲಿ? ಗ್ಯಾರೇಜಿನಲ್ಲಿ ಸ್ಪ್ಯಾನರ್ ಮುಟ್ಟಿದರೆ ಬೆರಳು ಅದಕ್ಕೇ ಅಂಟಿಕೊಳ್ಳುವಷ್ಟು ಚಳಿ. ಅಡುಗೆಮನೆಯೊಳಗೆ ಎಣ್ಣೆಯ ಡಬ್ಬ ಬಂದರೆ ನಾನು ಹೊರಗೆ ಎಂದು ಹಿಲ್ಕಾಳ ಸ್ಪಷ್ಟ ಆಜ್ಞೆ. ಉಳಿದದ್ದು ಸೌನಾ, ನಮ್ಮ ಹಬೆಸ್ನಾನದ ಮನೆ! ಬೆಚ್ಚಗಿನ ಕೋಣೆ, ಒಂದು ಚೂರು ಧೂಳಿಲ್ಲ, ಕೂರಲು ಹಲಗೆ. ಆಪರೇಷನ್ ಥಿಯೇಟರ್ ಇದ್ದ ಹಾಗೆ!

ಶಾಕಿನೊಳಗೆ ತುಂಬಿದ್ದ ಗ್ಯಾಸ್ ಹೊರಬಿಟ್ಟೆ, ಮುಚ್ಚಳ ತಿರುಗಿಸಿದೆ, ಕಪ್ಪು ಎಣ್ಣೆ ಬಸಿದೆ, ದಂಡವನ್ನು ಮೆಲ್ಲಗೆ ಎಳೆದೆ. ಅದರ ತುದಿಯಲ್ಲಿದ್ದದ್ದನ್ನು ಕಂಡು ನಾನು ಬಾಯಿ ತೆರೆದವನು ಮುಚ್ಚಲೇ ಇಲ್ಲ. ಉಕ್ಕಿನ ಬಿಲ್ಲೆಗಳು! ಕಾಗದದಷ್ಟು ತೆಳು, ನಡುವೆ ತೂತು, ಒಂದರ ಮೇಲೊಂದು, ದೊಡ್ಡದರಿಂದ ಚಿಕ್ಕದಕ್ಕೆ. ಅಷ್ಟು ದೊಡ್ಡ ಬಂಡಿ ಗುಂಡಿಗೆ ಬಿದ್ದಾಗ ಎಣ್ಣೆ ನುಗ್ಗಿ ಬಂದು ಈ ಬಿಲ್ಲೆಗಳನ್ನು ಒಂದು ಕೂದಲೆಳೆಯಷ್ಟು ಬಗ್ಗಿಸುತ್ತದಂತೆ, ಅಷ್ಟರಲ್ಲೇ ಸವಾರನ ಸೊಂಟ ಉಳಿಯುತ್ತದಂತೆ! ದೊಡ್ಡ ಬಿಲ್ಲೆಗಳ ನಡುವೆ ಎಲ್ಲೋ ಒಂದು ಕಡೆ ಅಂಗಿಯ ಗುಂಡಿಯಷ್ಟೇ ಪುಟ್ಟ ಬಿಲ್ಲೆ ಸೇರಿಕೊಂಡಿತ್ತು. ಮೆತ್ತಗೆ ಓಡಿಸುವ ಮಹಾತ್ಮ ಅದೇ. ಅದರ ಸ್ಥಾನ ತಪ್ಪಿತೋ, ಬಂಡಿ ಕತ್ತೆಯಾಗುತ್ತದೆ. ನಾನು ನಿಜಕ್ಕೂ ಟೋಪಿ ತೆಗೆದು ಎದೆಗೆ ಹಿಡಿದುಕೊಂಡೆ.

ಅಷ್ಟರಲ್ಲಿ ಇಣುಕಿದ ಹಿಲ್ಕಾ ಅಂದಳು, "ಬಿಚ್ಚಿದ ಹಾಗೇ ಒಂದು ದಾರಕ್ಕೆ ಪೋಣಿಸಿಡು. ನನ್ನ ಮಣಿಸರ ಹರಿದಾಗ ನಾನು ಹಾಗೇ ಮಾಡೋದು."

"ಇದು ಇಂಜಿನಿಯರಿಂಗ್ ಕಣೇ, ಮಣಿಸರ ಅಲ್ಲ!"

ಗೂಟದಲ್ಲಿ ನೇತುಹಾಕಿದ್ದ ನಾರಿನ ಬಟ್ಟೆಯನ್ನು ಮೇಲಿನ ಹಲಗೆಯ ಮೇಲೆ ಹಾಸಿ, ಬಿಲ್ಲೆಗಳನ್ನು ಕ್ರಮವಾಗಿ ಉದ್ದಕ್ಕೆ ಸಾಲಾಗಿ ಇಟ್ಟೆ. ನೋಡಿದರೆ ಎಣ್ಣೆ ಸೋರದಂತೆ ತಡೆಯುವ ಒಂದು ರಬ್ಬರ್ ಸೀಲ್ ಹರಿದಿತ್ತು. ಹೊಸದು ಸಿಗುವುದು ಕೊಲ್ಲಿಯ ಆಚೆ, ಬಂಡಿಯ ಬಿಡಿಭಾಗಗಳನ್ನು ಕೂಡಿಡುವ ಗೆಳೆಯ ಓಯ್ವನ ಮನೆಯಲ್ಲಿ. ಸ್ಕೀ ಕಟ್ಟಿಕೊಂಡು ಹೊರಟೆ. ಓಯ್ವ ಕಾಫಿ ಕೊಟ್ಟ. ಬಿಲ್ಲೆಗಳ ಮಹಿಮೆಯನ್ನು ನಾನು ವರ್ಣಿಸಿದೆ. ಅವನು ಇನ್ನೊಂದು ಕಾಫಿ ಕೊಟ್ಟ.

ವಾಪಸ್ ಬರುವಾಗ ದೂರದಿಂದಲೇ ನಮ್ಮ ಸೌನಾದ ಚಿಮಣಿಯಲ್ಲಿ ಹೊಗೆ ಕಂಡಿತು. ಶನಿವಾರ! ನಮ್ಮೂರಲ್ಲಿ ಶನಿವಾರ ಸಂಜೆ ಸೌನಾ ಕಾಯಿಸದ ಮನೆ ಅಂದರೆ ಒಂದೋ ಖಾಲಿ ಮನೆ, ಇಲ್ಲವೋ ಸೂತಕದ ಮನೆ. ಅಂಥ ಶನಿವಾರವನ್ನೇ ಮರೆತಿದ್ದೆನಲ್ಲ! ಅದೂ ಸಾಲದೆಂದು, ಹಲಗೆಯ ಮೇಲೆ ಮಲಗುವವರು ಮೈಕೆಳಗೆ ಹಾಸಿಕೊಳ್ಳುವ ಬಟ್ಟೆಯನ್ನೇ ಹಾಸಿ ಬಂದಿದ್ದೆ. ಮೊದಲ ಹದವಾದ ಬಿಸಿಗೆ ಒಳಗೆ ಹೋಗುವವರು ಅತ್ತೆ. ಕನ್ನಡಕವನ್ನು ಹೊರಗೇ ಬಿಟ್ಟು ಹೋಗುವವರೂ ಅವರೇ!

ಓಡಿಬಂದು ಬಾಗಿಲು ಬಡಿದೆ.

"ಹಿಲ್ಕಾ! ಶಾಕ್ ಎಲ್ಲಿ?"

"ಪೈಪು, ಡಬ್ಬ ಎಲ್ಲ ಗ್ಯಾರೇಜಲ್ಲಿಟ್ಟಿದೀನಿ. ಕಿರುಚಬೇಡ, ಅಂಗಾತ ಮಲಗಿದ್ದ ಅಮ್ಮನ್ನ ಈಗಷ್ಟೇ ಬೋರಲು ಮಲಗಿಸಿ, ರಕ್ತ ಓಡ್ಲಿ ಅಂತ ಬರ್ಚ್ ಸೊಪ್ಪಿನ ಕಟ್ಟಲ್ಲಿ ಬೆನ್ನು ತಟ್ತಾ ಇದೀನಿ."

"ಬಿಲ್ಲೆಗಳು?"

"ನೀನು ಪೋಣಿಸಿಟ್ಕೊಂಡಿಲ್ವಾ?"

ಒಳಗೆ ಸೊಪ್ಪು ತಟ್ಟುವ ಸದ್ದು ನಿಂತಿತು. ಆಮೇಲೆ ಹಿಲ್ಕಾಳ ಧ್ವನಿ ಬದಲಾಯಿತು. "ಅಯ್ಯೋ ದೇವರೇ! ಬರ್ಚ್ ಎಲೆ ಅಂಟಿದೆ ಅಂದ್ಕೊಂಡಿದ್ದೆ. ಅಮ್ಮಾ, ನಿನ್ನ ಬೆನ್ನೆಲ್ಲ ಹೊಳೀತಿದೆ!"

"ಅದಕ್ಕೇ ಏನೋ ಚುಚ್ತಿತ್ತು," ಅಂದರು ಅತ್ತೆ. "ವಯಸ್ಸಾಯ್ತಲ್ಲ, ಮೂಳೆ ಹೊರಗೆ ಬರ್ತಿರಬೇಕು ಅಂದ್ಕೊಂಡೆ."

"ತೆಗೀಬೇಡ! ಕ್ರಮ ತಪ್ಪುತ್ತೆ!" ನಾನು ಬಾಗಿಲಿಗೆ ಜೋತುಬಿದ್ದು ಅರಚಿದೆ. "ಅತ್ತೆ, ದಯವಿಟ್ಟು ಅಲ್ಲಾಡಬೇಡಿ!"

"ಅಲ್ಲಾಡೋಕೆ ಆಗಿದ್ರೆ ನಿಮ್ಮ ಶಾಕ್ ಯಾಕೆ ಬೇಕಿತ್ತು ಅಳಿಯಂದ್ರೇ?"

ಎಣ್ಣೆಯ ಜಿಡ್ಡು, ಅತ್ತೆಯ ಬೆವರು ಎರಡೂ ಸೇರಿ ಬಿಲ್ಲೆಗಳು ಇಟ್ಟ ಸಾಲಿನಲ್ಲೇ ಅಂಟಿಕೊಂಡಿದ್ದವಂತೆ! ಹಿಲ್ಕಾ ಕತ್ತಿನ ಕಡೆಯಿಂದ ಒಂದೊಂದಾಗಿ ಬಿಡಿಸಿದಳು. ಬಾಗಿಲ ಸಂದಿಯಿಂದ ಹಬೆ ಹೊರಬರುತ್ತಿತ್ತು, ಹಬೆಯೊಳಗಿಂದ ಅವಳ ಕೈ, ಕೈಯಲ್ಲಿ ಒಂದು ಬಿಲ್ಲೆ. ನಾನು ಹಿಮದಲ್ಲಿ ಮಂಡಿಯೂರಿ ಭಕ್ತಿಯಿಂದ ತೆಗೆದುಕೊಂಡು ಬೂಟಿನ ದಾರಕ್ಕೆ ಪೋಣಿಸಿಕೊಂಡೆ.

"ಮಣಿಸರ ಹೇಗೆ ಬರ್ತಿದೆ, ಇಂಜಿನಿಯರ್ ಸಾಹೇಬ್ರೇ?" ಅಂದಳು ಹಿಲ್ಕಾ.

ನಾನು ಮುಂದಿನ ಬಿಲ್ಲೆಗೆ ಕೈ ಚಾಚಿದೆ.

"ಬೇಗ ಮುಗಿಸ್ರೇ," ಒಳಗಿಂದ ಅತ್ತೆ. "ಬೆಂದು ಬ್ರೆಡ್ ಆಗ್ತಿದೀನಿ."

"ಪುಟ್ಟದು? ಪುಟ್ಟದೊಂದು ಇರಬೇಕು! ಅಂಗಿ ಗುಂಡಿಯಷ್ಟಿದೆ!"

ಹುಡುಕಿದಳು. ಬಟ್ಟೆಯಲ್ಲಿಲ್ಲ, ಹಲಗೆಯ ಸಂದಿಯಲ್ಲಿಲ್ಲ. ನನ್ನ ಕಣ್ಣ ಮುಂದೆ ಆ ಕಿಟಕಿ, ಅದರ ಮುಂದೆ ಇನ್ನೊಂದು ವರ್ಷ ಸುಮ್ಮನೆ ಕೂತ ಅತ್ತೆ ಬಂದು ನಿಂತರು. ಅಳುವೇ ಬಂತು. ಅಷ್ಟರಲ್ಲಿ ಹಿಲ್ಕಾ ಸೊಪ್ಪಿನ ಕಟ್ಟನ್ನು ಜೋರಾಗಿ ಒದರಿರಬೇಕು, ಬಕೆಟ್ಟಿನೊಳಗೆ ಟಿಣ್ ಅಂದಿತು!

"ಸಿಕ್ತು! ಆದ್ರೆ ಎಲ್ಲಿತ್ತೋ ಯಾರಿಗೆ ಗೊತ್ತು?"

"ಬೆನ್ನ ಮೇಲೆ ಗುರುತು ನೋಡೇ," ಅಂದರು ಅತ್ತೆ, ತಾವೇ. "ಇಷ್ಟೊತ್ತು ಒತ್ಕೊಂಡು ಮಲಗಿದ್ದೆ, ಮುದ್ರೆ ಬೀಳದೆ ಇರುತ್ತಾ?"

ಹಿಲ್ಕಾ ದೀಪ ಹತ್ತಿರ ಹಿಡಿದು ನೋಡಿದಳು. ಬೆನ್ನುದ್ದಕ್ಕೂ ಕೆಂಪು ಉಂಗುರಗಳ ಸಾಲು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ, ಆಪರೇಷನ್ ಹೊಲಿಗೆಯ ಗುರುತಿನ ಮೇಲೇ, ಒಂದು ಪುಟ್ಟ ಉಂಗುರ! ಯಾವ ಕಂಪನಿಯ ಕೈಪಿಡಿಯಲ್ಲೂ ಇಷ್ಟು ಚೆಂದದ ಚಿತ್ರ ಇರಲಾರದು. ಹಿಲ್ಕಾ ಒಳಗಿಂದ ಹೇಳಿದ ಹಾಗೆ ಪುಟ್ಟದನ್ನು ದಾರದಲ್ಲಿ ಅದೇ ಜಾಗಕ್ಕೆ ಸೇರಿಸಿದೆ.

ಜೋಡಿಸಿದೆ. ಹೊಸ ಎಣ್ಣೆ ಹಾಕಿದೆ, ಗುಳ್ಳೆ ಹೋಗುವವರೆಗೆ ದಂಡ ಆಡಿಸಿದೆ, ಟೈರ್ ಅಂಗಡಿಯಲ್ಲಿ ನೈಟ್ರೋಜನ್ ತುಂಬಿಸಿದೆ. ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಬೆಣ್ಣೆಯ ಮೇಲೆ ಹೋದ ಹಾಗಿತ್ತು!

ಮುಂದಿನ ಭಾನುವಾರ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾನು ಹ್ಯಾಂಡಲ್ ಹಿಡಿದು, ಎದೆ ಉಬ್ಬಿಸಿ ಕೂತು, ಹಿಂದಿನ ಸೀಟನ್ನು ತಟ್ಟಿ ಅತ್ತೆಯನ್ನು ಕರೆದೆ. ಅವರು ಬಂಡಿಯನ್ನು ಒಂದು ಸುತ್ತು ಹಾಕಿ ನೋಡಿ ನನ್ನ ಮುಂದೆ ಬಂದು ನಿಂತರು.

"ಇಳೀರಿ ಅಳಿಯಂದ್ರೇ."

"ಯಾಕೆ ಅತ್ತೆ?"

"ಗುಂಡಿ ಬಂದಮೇಲೆ ಗೊತ್ತಾಗೋದು ಹಿಂದೆ ಕೂತವರಿಗೆ. ಬರೋ ಮುಂಚೆ ಗೊತ್ತಾಗೋದು ಹ್ಯಾಂಡಲ್ ಹಿಡಿದವರಿಗೆ. ನನ್ನ ಬೆನ್ನಿಗೆ ಮುಂಚೆ ಗೊತ್ತಾಗಬೇಕು. ಹಿಂದೆ ಹಿಲ್ಕಾ ಕೂರ್ತಾಳೆ."

"ಮತ್ತೆ ನಾನು?"

ಅತ್ತೆ ಗಲ್ಲ ಎತ್ತಿ ತೋರಿಸಿದ ಕಡೆ ಬಂಡಿಯ ಹಿಂದೆ ಕಟ್ಟಿದ್ದ ಮರದ ಜಾರುಬಂಡಿ ಇತ್ತು. ಸಾಮಾನು ಹೊರುವುದು. ಅದಕ್ಕೆ ಸ್ಪ್ರಿಂಗ್ ಇಲ್ಲ, ಶಾಕ್ ಇಲ್ಲ, ಕರುಣೆಯೂ ಇಲ್ಲ!

ಕೊರೆಯುವ ಯಂತ್ರ, ಕಾಫಿ ಕೆಟಲ್ಲು, ಹಿಮಸಾರಂಗದ ಮಾಂಸದ ಪೊಟ್ಟಣಗಳ ನಡುವೆ ನಾನೊಂದು ಪೊಟ್ಟಣವಾಗಿ ಬಿದ್ದುಕೊಂಡೆ. ಆದರೆ ಅತ್ತೆ ಓಡಿಸಿದ್ದನ್ನು ಏನೆಂದು ಹೇಳಲಿ! ಆ ಬಿಳಿ ಬಯಲಿನಲ್ಲಿ ಗಾಳಿ ಎಲ್ಲಿ ಹಿಮ ಗುಡ್ಡೆ ಹಾಕಿದೆ, ಎಲ್ಲಿ ಮಂಜುಗಡ್ಡೆ ಬಿರಿದು ಎದ್ದಿದೆ, ಎಲ್ಲವೂ ಅವರಿಗೆ ತಮ್ಮ ಅಡುಗೆಮನೆಯಷ್ಟೇ ಚೆನ್ನಾಗಿ ಗೊತ್ತು. ಸ್ನೋಮೊಬೈಲ್ ಹಂಸದ ಹಾಗೆ ತೇಲುತ್ತಿತ್ತು, ಅದರ ಬಾಲಕ್ಕೆ ಸಿಕ್ಕ ನಾನು ಮಾತ್ರ ಪ್ರತಿ ಉಬ್ಬಿಗೂ ಆಕಾಶ ಮುಟ್ಟಿ ಬರುತ್ತಿದ್ದೆ. ಆದರೂ ಕಣ್ಣು ಕೀಳಲಾಗಲಿಲ್ಲ.

ದ್ವೀಪದ ದಡದಲ್ಲಿ ಹಿಲ್ಕಾ ತೂತು ಕೊರೆದಳು. ಅತ್ತೆ ಹಿಮಸಾರಂಗದ ತೊಗಲಿನ ಮೇಲೆ ಕೂತು ಗಾಳ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ಒಂದು ಸಲಾನೂ ನೋಯಲಿಲ್ಲಪ್ಪ," ಅಂದರು. "ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ."

ನಾನಿನ್ನೂ ಜಾರುಬಂಡಿಯಲ್ಲೇ ಇದ್ದೆ. ಏಳಲು ಹೋದೆ. ಏಳಲಾಗಲಿಲ್ಲ! ಸೊಂಟ ಅಲ್ಲೇ ಹಿಡಿದುಕೊಂಡಿತ್ತು.

ಮತ್ತೆ ಶನಿವಾರ ಬಂತು. ಈ ಸಲ ಸೌನಾದ ಮೇಲಿನ ಹಲಗೆಯ ಮೇಲೆ ಬೋರಲಾಗಿ ಮಲಗಿ ನರಳುತ್ತಿದ್ದವನು ನಾನು, ಸೊಪ್ಪಿನ ಕಟ್ಟು ಹಿಡಿದವಳು ಹಿಲ್ಕಾ. ಬಾಗಿಲ ಹೊರಗಿಂದ ಅತ್ತೆಯ ಧ್ವನಿ ಬಂತು.

"ಹಿಲ್ಕಾ, ಅಳಿಯಂದ್ರ ಬೆನ್ನ ಮೇಲೆ ಏನಾದ್ರೂ ಮುದ್ರೆ ಬಿದ್ದಿದೆಯೇನೇ?"

"ಬಿದ್ದಿದೆ ಅಮ್ಮಾ! ಜಾರುಬಂಡಿಯ ಹಲಗೆ, ಮೊಳೆ ಸಮೇತ!"

"ಹಾಗಿದ್ರೆ ಮೆಲ್ಲಗೆ ತಟ್ಟು, ಅಳಿಸಿಹೋಗೋದು ಬೇಡ. ನಾಳೆ ಜಾರುಬಂಡೀನೂ ನಾನೇ ಬಿಚ್ಚಿ ಜೋಡಿಸ್ತೀನಿ ಅಂತ ಹೊರಟ್ರೆ ಅಳತೆ ಬೇಕಾಗುತ್ತೆ!"